ಹೆರಿಗೆಗೆ ‘ಗಂಡ ಒಳಗೆ ಬರ್ಲಿ ಬಿಡಿ’ ಅಂದರೆ ನಂಬಿ ಸುಮ್ಮನಿರಬೇಡಿ

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರು, ಹೆಂಡತಿಯನ್ನು ಕಳಿಸಿ ಊರಲ್ಲಿ ಉಳಿಯುವವರು, ಇಬ್ಬರೂ ಓದಿ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ.

ಏಳನೇ ತಿಂಗಳಲ್ಲೇ ಡಾಕ್ಟರ್ ಮೇಡಂ ಹತ್ತಿರ ಕೇಳಿದ್ದೆ, ಹೆರಿಗೆ ಹೊತ್ತಿಗೆ ನಮ್ಮನೆಯವರು ಜೊತೆಗಿರಬಹುದಾ ಅಂತ. “ಧೈರ್ಯ ಇದ್ರೆ ಬರ್ಲಿ ಬಿಡಿ” ಅಂತ ನಕ್ಕರು. ನಾವೂ ನಕ್ಕು ಬಂದೆವು.

ನೋವು ಶುರುವಾಗಿದ್ದು ರಾತ್ರಿ. ಇವರು ಬೆಂಗಳೂರಿನಿಂದ ಬಂದು ತಲುಪಿದಾಗ ಲೇಬರ್ ವಾರ್ಡಿನ ಬಾಗಿಲಲ್ಲೇ ಸಿಸ್ಟರ್ ತಡೆದರು. ಮೇಡಂ ಒಪ್ಪಿದ್ದಾರೆ ಅಂದರೆ, “ಫೈಲಲ್ಲಿ ಏನೂ ಬರೆದಿಲ್ಲ” ಅಂದರು. ಮೇಡಂ ಫೋನ್ ಎತ್ತಲಿಲ್ಲ. ಒಳಗೆ ಸಾಲಾಗಿ ಮಂಚ, ನಡುವೆ ತೆಳ್ಳನೆಯ ಪರದೆ, ಪಕ್ಕದಲ್ಲಿ ಇನ್ನೊಬ್ಬಾಕೆ ನರಳುತ್ತಿದ್ದಳು. ಗಂಡಸರನ್ನು ಬಿಡಲ್ಲ ಅನ್ನುವುದರಲ್ಲಿ ನ್ಯಾಯ ಇತ್ತು. ಆದರೆ ಅದನ್ನು ಮೊದಲೇ ಹೇಳಬಹುದಿತ್ತಲ್ವಾ? ಹೋಗಲಿ, ಅಮ್ಮನನ್ನಾದರೂ ಬಿಡಿ ಅಂದೆ. “ಅಮ್ಮಂದಿರು ಬಂದ್ರೆ ಇನ್ನೂ ಜಾಸ್ತಿ ಕಿರುಚ್ತೀರ” ಅಂತ ಬೈದರು.

ನೋವು ಬರಿಸುವ ಡ್ರಿಪ್ ಹಾಕಿ ಹೋದವರು ಎಷ್ಟೋ ಹೊತ್ತು ಇತ್ತ ತಿರುಗಿ ನೋಡಲಿಲ್ಲ. ನೀರು ಕೇಳಿದರೆ ಕೊಡುವವರಿಲ್ಲ. ಹೊರಗೆ ಇವರ ಕೈಗೆ ಔಷಧಿ ಚೀಟಿ ಕೊಟ್ಟು ಓಡಾಡಿಸುತ್ತಿದ್ದರು. ಕೊನೆಗೆ ಸಿಸೇರಿಯನ್ ಅಂತ ಇವರಿಂದ ಸಹಿ ಹಾಕಿಸಿಕೊಂಡರು. ನನಗೆ ಅದು ಗೊತ್ತಾಗಿದ್ದು ಥಿಯೇಟರಿಗೆ ತಳ್ಳಿಕೊಂಡು ಹೋಗುವಾಗ! ಪ್ರಜ್ಞೆ ಇದ್ದವಳು ನಾನು, ಹೊಟ್ಟೆ ನನ್ನದು. ಕೇಳಬೇಕಾಗಿದ್ದು ನನ್ನನ್ನು.

ಬಿಲ್ ಕಟ್ಟುವಾಗ ಇನ್ನೊಂದು ತಿಳಿಯಿತು. ಬೇರೆ ಹೆರಿಗೆ ಕೋಣೆಯೇ ಇತ್ತಂತೆ, ಗಂಡನೂ ಇರಬಹುದಂತೆ. ಆದರೆ ಅದು ‘ಪ್ಯಾಕೇಜ್’ ತಗೊಂಡವರಿಗೆ. ಏಳನೇ ತಿಂಗಳಲ್ಲಿ ಕೇಳಿದವರಿಗೆ ಇದನ್ನು ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಇವತ್ತಿಗೂ ಉತ್ತರ ಇಲ್ಲ.

ಜೊತೆಗೊಬ್ಬರು ಇರಲಿ ಅನ್ನುವುದು ಬರೀ ಸಿನಿಮಾ ಶೋಕಿ ಅಂತ ನಮ್ಮತ್ತೆಯವರೂ ಅಂದಿದ್ದರು. ಹಾಗಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆಯಲ್ಲಿ 15,000ಕ್ಕೂ ಹೆಚ್ಚು ಹೆಂಗಸರ ಮಾಹಿತಿ ಇತ್ತು. ಬಿಡದೆ ಜೊತೆಗೆ ಯಾರಾದರೂ ಇದ್ದವರಿಗೆ ಸಿಸೇರಿಯನ್ ಕಡಿಮೆ, ನೋವಿನ ಹೊತ್ತೂ ಸ್ವಲ್ಪ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ, ಹೆರುವವಳು ಆರಿಸಿಕೊಂಡವರೇ ಜೊತೆಗಿರಲಿ ಎಂದು ಶಿಫಾರಸು ಮಾಡಿತು. ನಮ್ಮ ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಹೆತ್ತ ಅನುಭವ ಇರುವ ಹೆಂಗಸೊಬ್ಬರು ಇರಬಹುದು. ಮರೆಯ ವ್ಯವಸ್ಥೆ ಸರಿಯಾಗಿದ್ದರೆ ಗಂಡನನ್ನೂ ಬಿಡಬಹುದು. ಅಂದರೆ ಪರದೆ ನೆಪ ಹೇಳಿ ಗಂಡನನ್ನು ತಡೆದರೂ, ಅಮ್ಮನನ್ನೋ ಅಕ್ಕನನ್ನೋ ತಡೆಯಲು ಅದು ಕಾರಣ ಆಗುವುದಿಲ್ಲ.

ಹಾಗಾಗಿ ಲೇಬರ್ ವಾರ್ಡನ್ನು ಮೊದಲೇ ಹೋಗಿ ನೋಡಿ. ಒಬ್ಬರಿಗೊಂದು ಕೋಣೆಯಾ, ಎಲ್ಲರಿಗೂ ಒಂದೇನಾ ನೋಡಿದ ಕೂಡಲೇ ಗೊತ್ತಾಗುತ್ತದೆ. ರಾತ್ರಿ ಡ್ಯೂಟಿಯಲ್ಲೂ ಇದೇ ನಿಯಮವಾ, ಸಿಸೇರಿಯನ್ ಆದರೆ ಏನು, ಬೇರೆ ದುಡ್ಡು ಉಂಟಾ ಅಂತ ಕೇಳಿ. ಡಾಕ್ಟರ್ ಹೂಂ ಅಂದರೆ ಅಲ್ಲೇ, ಅವರ ಕೈಯಲ್ಲೇ, ನಿಮ್ಮ ತಾಯಿ ಕಾರ್ಡಿನ ಮೇಲೋ ಫೈಲಲ್ಲೋ ಬರೆಸಿ. ಮುಖ ಸಿಂಡರಿಸಿದರೂ ಪರವಾಗಿಲ್ಲ. ಇನ್ನೊಬ್ಬರ ಹೆಸರನ್ನೂ ಬರೆಸಿ, ಗಂಡ ಬಸ್ಸಲ್ಲೇ ಇರುವಾಗ ಮಗು ಹುಟ್ಟಿಬಿಡಬಹುದು.

ಗಂಡಂದಿರಿಗೆ ಒಂದು ಮಾತು. ಊಟ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಹೋಗಿ. ಜ್ವರ ಕೆಮ್ಮು ಇದ್ದರೆ ಒಳಗೆ ಹೋಗಲೇಬೇಡಿ. ತಲೆ ಕಡೆ ನಿಲ್ಲಿ, ನೀರು ಕುಡಿಸಿ, ಬೆನ್ನು ತಿಕ್ಕಿ, ಡಾಕ್ಟರ್ ಹೇಳಿದ್ದು ಅವಳಿಗೆ ಕೇಳಿಸಿತಾ ವಿಚಾರಿಸಿ. ಫಾರ್ಮ್ ಬಂದರೆ ಮೊದಲು ಅವಳ ಕೈಗೆ ಕೊಡಿ. ವಿಡಿಯೋ ಮಾತ್ರ ಮಾಡಬೇಡಿ, ಪರದೆಯ ಆಚೆ ಇನ್ನೊಬ್ಬರ ಹೆಂಡತಿ ಇರುತ್ತಾರೆ.