ತುಕ್ಕು ರೋಗದ ಡಿಎನ್‌ಎ ಹಿಡಿಯಲು ಯಾವ ಹೊಳಪು? ಮೂರನ್ನೂ ಹಚ್ಚಿ ನೋಡಿದೆ

ಮೂಡಿಗೆರೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಎಸ್.795 ಅನ್ನುವ ಅರೇಬಿಕಾ ತಳಿಯ ಗಿಡಗಳೇ ಜಾಸ್ತಿ. ಮಳೆಗಾಲ ಬಂದರೆ ಎಲೆ ತುಕ್ಕಿನ ಚಿಂತೆ ಇದ್ದೇ ಇರುತ್ತದೆ. ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿ ಕಾಣುವ ಹೊತ್ತಿಗೆ ಶಿಲೀಂಧ್ರ ಒಳಗೆ ಸೇರಿ ವಾರಗಳೇ ಆಗಿರುತ್ತವೆ. ಅದಕ್ಕೂ ಮೊದಲೇ ಅದರ ಡಿಎನ್‌ಎ ಹಿಡಿಯಬಹುದಾ ಅಂತ ಹಾಸನದಲ್ಲಿ ಎಂಎಸ್ಸಿ ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೊಂಡೆ.

ವಿಧಾನ ಸರಳ. ಅಯಸ್ಕಾಂತ ಎಳೆಯುವ ಸಣ್ಣ ಗುಂಡು, ಅಂದರೆ ಮ್ಯಾಗ್ನೆಟಿಕ್ ಬೀಡ್‌ಗೆ ಒಂದು ಡಿಎನ್‌ಎ ಎಳೆ, ಹೊಳೆಯುವ ಗುರುತಿಗೆ ಇನ್ನೊಂದು. ತುಕ್ಕಿನ ಡಿಎನ್‌ಎ ಇದ್ದರೆ ಅದರ ಒಂದು ತುದಿ ಬೀಡಿನ ಎಳೆಗೂ ಇನ್ನೊಂದು ತುದಿ ಗುರುತಿನ ಎಳೆಗೂ ಜೋಡಿಯಾಗುತ್ತದೆ, ಆಮೇಲೆ ಅಯಸ್ಕಾಂತ ಹಿಡಿದು ತೊಳೆದರೂ ಬೆಳಕು ಉಳಿಯುತ್ತದೆ. ಇಲ್ಲದಿದ್ದರೆ ಹೊಳೆಯುವ ಗುರುತೆಲ್ಲ ನೀರಿನ ಜೊತೆ ಹೋಗುತ್ತದೆ. ಈ ಗುರುತಿಗೆ ಮೂರನ್ನು ಹಚ್ಚಿ ನೋಡಿದೆ: ಫ್ಲೋರೆಸೀನ್ ಬಣ್ಣ, ಮತ್ತೆ ಕಾರ್ಬನ್ ಡಾಟ್, ಕ್ವಾಂಟಮ್ ಡಾಟ್ ಅನ್ನುವ ಎರಡು ಬಗೆಯ ಹೊಳೆಯುವ ನ್ಯಾನೋ ಕಣ. ಸದ್ಯಕ್ಕೆ ರೋಗದ ಎಲೆ ಬಳಸಿಲ್ಲ. ಆರೋಗ್ಯವಾದ ಎಲೆಯ ರಸಕ್ಕೆ, ಆರ್ಡರ್ ಮಾಡಿ ತರಿಸಿದ ತುಕ್ಕಿನ ಡಿಎನ್‌ಎ ತುಣುಕು ಬೆರೆಸಿ ನೋಡಿದ್ದು.

ಮೊದಲು ಫ್ಲೋರೆಸೀನ್. ಇದು ಕಣವಲ್ಲ, ಹಳೆಯ ಬಣ್ಣ. ಡಿಎನ್‌ಎಗೆ ಅಂಟಿಸಿಯೇ ಕಳಿಸುತ್ತಾರೆ, ಕೆಲಸ ಕಡಿಮೆ. 495 ನ್ಯಾನೋಮೀಟರ್ ತರಂಗಾಂತರದ ಬೆಳಕು ಕೊಟ್ಟರೆ 520ರಲ್ಲಿ ಹಸಿರಾಗಿ ಹೊಳೆಯುತ್ತದೆ. ಆದರೆ ದೀಪದ ಕೆಳಗೆ ಬೇಗ ಮಂಕಾಗುತ್ತದೆ, ಅದೇ ಟ್ಯೂಬ್ ಎರಡನೇ ಸಲ ಓದಿದರೆ ಅಂಕಿ ಇಳಿದಿರುತ್ತದೆ.

ನನಗೆ ಆಸೆ ಇದ್ದದ್ದು ಕಾರ್ಬನ್ ಡಾಟ್ ಮೇಲೆ, ಅಂದರೆ ಇಂಗಾಲದ ಹೊಳೆಯುವ ನ್ಯಾನೋ ಕಣ. ಸಿಟ್ರಿಕ್ ಆಸಿಡ್ ಮತ್ತು ಎಥಿಲೀನ್‌ಡೈಅಮೀನ್ ನೀರಲ್ಲಿ ಕರಗಿಸಿ, ಬಿಗಿಯಾಗಿ ಮುಚ್ಚುವ, ಟೆಫ್ಲಾನ್ ಒಳಪದರದ ಪಾತ್ರೆ ಅಂದರೆ ಆಟೋಕ್ಲೇವ್‌ನಲ್ಲಿ ಹಾಕಿ, 180 ಡಿಗ್ರಿ ಓವನ್‌ನಲ್ಲಿ ಐದು ಗಂಟೆ ಇಟ್ಟರೆ ಸಾಕು, ಯುವಿ ಟಾರ್ಚ್ ಬಿಟ್ಟಾಗ ಕಾಣುವ ಆ ನೀಲಿಯನ್ನು ನೋಡಿ ನಾನು ರಾತ್ರಿ ಮನೆಗೆ ಫೋನ್ ಮಾಡಿ ಹೇಳಿದ್ದೆ. ಖರ್ಚೂ ತೀರಾ ಕಡಿಮೆ. ಒಂದು ಎಚ್ಚರಿಕೆ: ಈ ಅಡುಗೆಯಲ್ಲಿ ಕಣಗಳ ಜೊತೆ ಹೊಳೆಯುವ ಸಣ್ಣ ಅಣುಗಳೂ ಹುಟ್ಟುತ್ತವೆ, ಡಯಾಲಿಸಿಸ್ (ಸಣ್ಣ ಅಣು ಮಾತ್ರ ದಾಟುವ ತೆಳು ಪೊರೆಯಲ್ಲಿ ಸೋಸುವುದು) ಮಾಡದೆ ಮುಂದೆ ಹೋಗಬೇಡಿ. ಮೊದಲ ಸಲ ನಾನು ಅದನ್ನು ಬಿಟ್ಟುಬಿಟ್ಟೆ, ಡಿಎನ್‌ಎ ಇಲ್ಲದ ಟ್ಯೂಬ್ ಕೂಡ ಹೊಳೆಯಿತು.

ಸರಿಯಾಗಿ ಶುದ್ಧ ಮಾಡಿದ ಮೇಲೆ, ಎಲೆ ರಸ ಇಲ್ಲದ ಬರೀ ಲ್ಯಾಬ್ ದ್ರಾವಣ ಅಂದರೆ ಬಫರ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಎಲೆ ರಸ ಹಾಕಿದ ತಕ್ಷಣ ಮತ್ತೆ ಎಲ್ಲ ಟ್ಯೂಬೂ ನೀಲಿ! ಎರಡು ವಾರ ನಾನು ತೊಳೆಯುವುದರಲ್ಲೇ ತಪ್ಪಿದೆ ಅಂದುಕೊಂಡಿದ್ದೆ. ಕೊನೆಗೆ ಗೈಡ್ ಮೇಡಂ, "ಬರೀ ಎಲೆ ರಸ ಇಟ್ಟು ನೋಡಿದ್ಯೇನಪ್ಪಾ?" ಅಂದರು. ನೋಡಿದರೆ ಹೊಳೆಯುತ್ತಿದ್ದದ್ದು ಎಲೆಯೇ. ಕಾಫಿ ಎಲೆಯಲ್ಲಿ ಕ್ಲೋರೋಜೆನಿಕ್ ಆಸಿಡ್ ತುಂಬ ಇರುತ್ತದೆ, ಯುವಿ ಬಿದ್ದರೆ ಅದೂ ನೀಲಿ ಬೆಳಕು ಕೊಡುತ್ತದೆ, ಬೀಡಿಗೂ ಅಂಟಿಕೊಳ್ಳುತ್ತದೆ.

ಇಲ್ಲೇ ಕ್ವಾಂಟಮ್ ಡಾಟ್ ಗೆದ್ದಿತು. 2023ರ ಕೆಮಿಸ್ಟ್ರಿ ನೊಬೆಲ್ ಬಂದದ್ದು ಇವಕ್ಕೇ. ಕ್ಯಾಡ್ಮಿಯಂ ಸೆಲೆನೈಡ್ ತಿರುಳು, ಮೇಲೆ ಜಿಂಕ್ ಸಲ್ಫೈಡ್ ಪದರ, ಕಣದ ಗಾತ್ರ ಬದಲಾದರೆ ಬಣ್ಣ ಬದಲಾಗುತ್ತದೆ. ನಾನು ತರಿಸಿದ್ದು 610ರ ಹತ್ತಿರ ಹೊಳೆಯುವ ಕೆಂಪು. ಎಲೆಯ ನೀಲಿ ಒಂದು ಕಡೆ, ಕ್ಲೋರೋಫಿಲ್‌ನ ಕಡುಗೆಂಪು 680ರ ಸುತ್ತ ಇನ್ನೊಂದು ಕಡೆ, ನಡುವಿನ ಖಾಲಿ ಜಾಗದಲ್ಲಿ ಇದು ಕೂರುತ್ತದೆ. ಯುವಿ ಬೇಡ, 450ರ ಬೆಳಕು ಸಾಕು. ಮತ್ತೆ ಮತ್ತೆ ಓದಿದರೂ ಮಂಕಾಗಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಬೆಲೆ ಜಾಸ್ತಿ. ಡಿಎನ್‌ಎ ಎಳೆಗಳು ಜೋಡಿಯಾಗಲು ಉಪ್ಪು ಬೇಕು, ಆದರೆ ಉಪ್ಪು ಒಂದೇ ಸಲ ಹಾಕಿದರೆ ಕಣಗಳು ಗಂಟು ಕಟ್ಟಿ ದ್ರಾವಣ ಮಬ್ಬಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ, ಗಂಟೆಗಟ್ಟಲೆ ಬಿಟ್ಟು ಬಿಟ್ಟು ಹಾಕಬೇಕು. ಒಳಗೆ ಕ್ಯಾಡ್ಮಿಯಂ ಬೇರೆ ಇದೆ, ತೊಳೆದ ನೀರನ್ನು ಬೇರೆ ಬಾಟಲಿಯಲ್ಲೇ ಇಡುತ್ತೇನೆ.

ಹಾಗಾಗಿ ಶುದ್ಧ ಮಾಡಿದ ಡಿಎನ್‌ಎ ನಿಮ್ಮ ಕೈಯಲ್ಲಿದ್ದರೆ ಕಾರ್ಬನ್ ಡಾಟ್ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. ನೇರ ಎಲೆ ರಸವಾದರೆ ಕೆಂಪು ಕ್ವಾಂಟಮ್ ಡಾಟ್. ಆದರೆ ನಮ್ಮ ಹಳ್ಳದ ನೀರು ಕುಡಿಯುವ ತೋಟಕ್ಕೆ ಕ್ಯಾಡ್ಮಿಯಂ ಒಯ್ಯಲು ನನಗೆ ಮನಸ್ಸಿಲ್ಲ. ಮುಂದಿನ ತಿಂಗಳು ಪ್ಯಾರಾ-ಫಿನೈಲೀನ್‌ಡೈಅಮೀನ್‌ನಿಂದ, ಅದೇ ಕೂದಲಿನ ಕಪ್ಪು ಬಣ್ಣದಲ್ಲಿರುವ ರಾಸಾಯನಿಕದಿಂದ, ಕೆಂಪು ಕಾರ್ಬನ್ ಡಾಟ್ ಮಾಡುತ್ತೇನೆ. ನೀರಿಗೆ ಬಿದ್ದರೆ ಅದರ ಹೊಳಪು ಇಳಿಯುತ್ತದಂತೆ, ಮೊದಲು ಅದನ್ನೇ ನೋಡಬೇಕು.