ಒಂದೇ ಆ್ಯಪ್: ಹೀಬ್ರೂ ಚೆನ್ನಾಗಿದೆ, ಚೀನಿ ಸುಮಾರು

ಭಾಷೆ ಕಲಿಸುವ ಒಂದು ಆ್ಯಪ್‌ನಲ್ಲಿ ಹೀಬ್ರೂ, ಚೀನಿ ಎರಡೂ ಕೋರ್ಸ್ ನೋಡಿದೆ. ಹೀಬ್ರೂಗೆ 22 ಅಕ್ಷರ ಅಷ್ಟೇ, ಬಲದಿಂದ ಎಡಕ್ಕೆ ಓದುವುದು ಬೇಗ ರೂಢಿಯಾಗುತ್ತದೆ. ಕಷ್ಟ ಇರುವುದು ಸ್ವರದ್ದು: ಪತ್ರಿಕೆಗಳಲ್ಲಿ ಸ್ವರದ ಚುಕ್ಕಿಗಳನ್ನು ಸಾಮಾನ್ಯವಾಗಿ ಹಾಕುವುದೇ ಇಲ್ಲ, ಕಾಗುಣಿತ ಕಿತ್ತುಹಾಕಿದ ಕನ್ನಡ ಓದಿದ ಹಾಗೆ. ಆ್ಯಪ್ ಮೊದಲು ಚುಕ್ಕಿ ಕೊಟ್ಟು ಆಮೇಲೆ ಮೆಲ್ಲಗೆ ತೆಗೆಯುತ್ತದೆ, ಇದು ಇಷ್ಟವಾಯಿತು. ಹೆಂಗಸು ‘ನಾನು ಬರೆಯುತ್ತೇನೆ’ ಅಂದರೆ ಕ್ರಿಯಾಪದದ ರೂಪವೇ ಬೇರೆ, ಅದನ್ನೂ ಚೆನ್ನಾಗಿ ಕಲಿಸುತ್ತಾರೆ.

ಚೀನಿಯಲ್ಲಿ ಆ ಗೋಳಿಲ್ಲ, ಕ್ರಿಯಾಪದ ಹಾಗೆ ರೂಪ ಬದಲಿಸುವುದೇ ಇಲ್ಲ. ಆದರೆ ನಾಲ್ಕು ಟೋನ್ (ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ) ಇವೆಯಲ್ಲಾ, ಬೇಕಂತಲೇ ತಪ್ಪು ಹೇಳಿದರೂ ಆ್ಯಪ್ ಸುಮ್ನೆ ‘ಸರಿ’ ಅನ್ನುತ್ತದೆ! ಪಿನ್‌ಯಿನ್ (ಚೀನಿ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು) ಕೊನೆತನಕ ತೆಗೆಯುವುದಿಲ್ಲ, ಮತ್ತೆ ಸಾವಿರಗಟ್ಟಲೆ ಅಕ್ಷರ ತಲೆಗೆ ಹತ್ತುವುದು ಹೇಗೆ? ಚೀನಿಗೆ ಉಚ್ಚಾರ ತಿದ್ದುವ ಮೇಷ್ಟ್ರೇ ಬೇಕು, ಈ ಚೀನಿ ಕೋರ್ಸ್‌ಗೆ ದುಡ್ಡು ಕಟ್ಟಬೇಡಿ.