ಸಾಲಕ್ಕೆ ಮಾಡಿಸಿದ ವ್ಯಾಲ್ಯುವೇಶನ್ ಹಿಡಿದು ಕೋರ್ಟಿಗೆ ಹೋಗಬೇಡಿ

ಮಂಜೇಶ್ವರ, ಕುಂಬಳೆ ಕಡೆ ರಸ್ತೆಗೆ ಜಾಗ ಹೋದವರು ಇದನ್ನೊಮ್ಮೆ ಓದಿ. ನಾವು ಮಾಡಿದ ಪೆದ್ದುತನ ನಿಮಗೆ ಬೇಡ ಮಾರಾಯ್ರೇ.

2011ರಲ್ಲಿ ಅಪ್ಪನ 11 ಸೆಂಟ್ಸ್ ಜಾಗ ತೆಂಗಿನ ಮರಗಳ ಸಮೇತ ಹೋಯಿತು. ಆಗ 1894ರ ಹಳೇ ಭೂಸ್ವಾಧೀನ ಕಾಯ್ದೆ. ಪರಿಹಾರ ಸಾಲದು ಅಂತ 18ನೇ ಸೆಕ್ಷನ್ ಪ್ರಕಾರ ಸಬ್ ಕೋರ್ಟಿಗೆ ಹೋದೆವು. ಕೈಲಿದ್ದದ್ದು ಎರಡೇ ಕಾಗದ. ಒಂದು ಫೇರ್ ವ್ಯಾಲ್ಯೂ ಪಟ್ಟಿ, ಅಂದರೆ ಜಾಗಕ್ಕೆ ಸರಕಾರ ಇಟ್ಟ ಬೆಲೆಯ ಪಟ್ಟಿ. ಇನ್ನೊಂದು, ಉಳಿದ ಜಾಗದ ಮೇಲೆ ಸಾಲ ತೆಗೆಯಲು 2013ರಲ್ಲಿ ಒಬ್ಬ ಎಂಜಿನಿಯರ್ ಬರೆದುಕೊಟ್ಟ ವ್ಯಾಲ್ಯುವೇಶನ್ ರಿಪೋರ್ಟು, ಅದೂ ಜೆರಾಕ್ಸ್. ಕಾಗದಪತ್ರ ಓಡಾಡಿ ಮಾಡಿಸಿಕೊಡುವವರೊಬ್ಬರು "ಇಷ್ಟು ಧಾರಾಳ ಸಾಕು" ಅಂದರು, ನಂಬಿದೆವು.

ಕೋರ್ಟಿನಲ್ಲಿ ರಿಪೋರ್ಟಿಗೆ ನಮ್ಮ ಕಡೆಯ ದಾಖಲೆ ಎ3 ಅಂತ ನಂಬರ್ ಬಿದ್ದ ದಿನ ನಾನು ಗೆದ್ದೆ ಅಂದುಕೊಂಡು ಹೋಟೆಲಲ್ಲಿ ಗೋಳಿಬಜೆ ತಿಂದು ಮನೆಗೆ ಬಂದಿದ್ದೆ. ನಂಬರ್ ಬಿದ್ದರೆ ಕಾಗದ ಫೈಲಿಗೆ ಸೇರಿತು ಅಂತ ಮಾತ್ರ. ಅದರಲ್ಲಿ ಬರೆದದ್ದು ನಿಜ ಅಂತ ಆಮೇಲೆ ತೋರಿಸಬೇಕು. ಬರೆದವರೇ ಕಟಕಟೆಗೆ ಬಂದು, ಈ ರೇಟು ಹೇಗೆ ಹಾಕಿದೆ ಅಂತ ಹೇಳಿ, ಸರಕಾರಿ ವಕೀಲರ ಪ್ರಶ್ನೆಗೆ ಉತ್ತರ ಕೊಡಬೇಕು. ನಮ್ಮ ಎಂಜಿನಿಯರ್ ಅಷ್ಟರಲ್ಲಿ ಗಲ್ಫಿಗೆ ಹೋಗಿ ಆಗಿತ್ತು. ಅಲ್ಲದೆ ಕೋರ್ಟಿಗೆ ಬೇಕಾದದ್ದು ಸ್ವಾಧೀನದ ನೋಟಿಫಿಕೇಶನ್ ಆದ ದಿನದ ಬೆಲೆ, ಎರಡು ವರ್ಷ ಕಳೆದ ಮೇಲಿನದ್ದಲ್ಲ.

ಫೇರ್ ವ್ಯಾಲ್ಯೂ ಕಥೆ ಇನ್ನೂ ನಾಚಿಕೆ. ಕೇರಳದಲ್ಲಿ ಆ ಪಟ್ಟಿ ಇರುವುದು ಆರ್ ಲೆಕ್ಕದಲ್ಲಿ, ಒಂದು ಆರ್ ಅಂದರೆ ಸುಮಾರು 2.47 ಸೆಂಟ್ಸ್. ನಾವು ಅದನ್ನು ಸೆಂಟಿನ ರೇಟು ಅಂತಲೇ ಹಾಕಿದ್ದೆವು! ಪಾಟೀಸವಾಲಿನಲ್ಲಿ ಅಪ್ಪನಿಗೆ ಬೆವರು ಬಂತು. ಲೆಕ್ಕ ಸರಿ ಇದ್ದರೂ ಜಾಸ್ತಿ ಪ್ರಯೋಜನ ಇರಲಿಲ್ಲ. ಅದು ಸ್ಟಾಂಪ್ ಡ್ಯೂಟಿ ವಸೂಲಿಗೆ ಮಾಡಿದ ಪಟ್ಟಿ, ಅಂಥದ್ದರ ಮೇಲೆ ಮಾರುಕಟ್ಟೆ ಬೆಲೆ ಕಟ್ಟಬಾರದು ಅಂತ ಆದಿಲಾಬಾದಿನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. 2013ರ ಹೊಸ ಕಾಯ್ದೆಯಲ್ಲಿ ಮಾತ್ರ ಈ ಸ್ಟಾಂಪ್ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ನಿಮ್ಮ ಕೇಸು ಯಾವ ಕಾಯ್ದೆಯದ್ದು ಅಂತ ವಕೀಲರ ಹತ್ತಿರ ಮೊದಲು ಕೇಳಿ.

ನಮಗೆ ಬೇಕಿದ್ದದ್ದು ನೋಟಿಫಿಕೇಶನ್‌ಗೆ ಸ್ವಲ್ಪ ಮೊದಲು ಅಕ್ಕಪಕ್ಕದಲ್ಲಿ ಮಾರಾಟವಾದ, ನಮ್ಮಂಥದ್ದೇ ಜಾಗದ ಆಧಾರ, ಅಂದರೆ ರಿಜಿಸ್ಟರ್ ಆದ ಕ್ರಯಪತ್ರ. ಸಬ್ ರಿಜಿಸ್ಟ್ರಾರ್ ಆಫೀಸಿನ ಸರ್ಟಿಫೈಡ್ ಕಾಪಿ ಸಾಕು, ಮಾರಿದವರನ್ನು ಕರೆತರಲೇಬೇಕು ಅಂತಿಲ್ಲ. ಆ ಹಳೇ ಕಾಯ್ದೆಯ 51ಎ ಸೆಕ್ಷನ್ ಬಗ್ಗೆ 2004ರಲ್ಲಿ ಸುಪ್ರೀಂ ಕೋರ್ಟಿನ ಐವರು ಜಡ್ಜರು ಹೇಳಿದ್ದು ಇದನ್ನೇ. ಎಷ್ಟು ತೂಕ ಕೊಡುವುದು ಅನ್ನುವುದು ಮಾತ್ರ ಕೋರ್ಟಿಗೆ ಬಿಟ್ಟದ್ದು. ಆದರೆ ನಮ್ಮೂರಲ್ಲಿ ಸ್ಟಾಂಪ್ ಉಳಿಸಲು ಆಧಾರದಲ್ಲಿ ಬೆಲೆ ಇಳಿಸಿ ಬರೆಸುತ್ತಾರಲ್ವಾ, ಆ ಉಳಿತಾಯ ಕೊನೆಗೆ ನೆರೆಕರೆಯವರ ತಲೆಗೇ ಬರುತ್ತದೆ, ಅವರ ಪರಿಹಾರವೂ ಇಳಿಯುತ್ತದೆ.

ಒಂದು ರೂಪಾಯಿ ಹೆಚ್ಚು ಸಿಗಲಿಲ್ಲ. ಈಗ ಎರ್ನಾಕುಲಂನ ಹೈಕೋರ್ಟಿನಲ್ಲಿ ಅಪೀಲು. ಪಕ್ಕದ ಜಾಗದ ಒಂದು ಆಧಾರ ಸಿಕ್ಕಿದೆ. ಇದನ್ನು ಮೊದಲೇ ಯಾಕೆ ತರಲಿಲ್ಲ ಅಂತ ಅಲ್ಲಿ ಕೇಳುತ್ತಾರಂತೆ, ಏನು ಹೇಳುವುದು ಅಂತ ಅಪ್ಪ ದಿನಾ ನನ್ನನ್ನು ಕೇಳುತ್ತಾರೆ.